ಮೈನಸ್ ನೂರಹತ್ತರಲ್ಲಿ ಅತ್ತೆ

ಅತ್ತೆ ಚಳಿಯ ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಮುಚ್ಚಿ ಹತ್ತು ಸೆಕೆಂಡು ಆಗಿರಲಿಲ್ಲ, ಅವರು ಕಳಚಿಟ್ಟ ಸ್ವೆಟರಿನ ಜೇಬಿನಿಂದ ಬಿ.ಪಿ. ಮಾತ್ರೆಯ ಪಟ್ಟಿ ಜಾರಿ ನೆಲಕ್ಕೆ ಬಿತ್ತು.

ಸೊಸೆ ಬಗ್ಗಿ ಅದನ್ನು ಎತ್ತಿಕೊಂಡಳು. ಅರ್ಧ ಗಂಟೆ ಹಿಂದೆ ಇದೇ ಮೇಜಿನ ಮುಂದೆ ಕೂತು ಅತ್ತೆ ಫಾರಂ ತುಂಬಿದ್ದರು. ರಕ್ತದೊತ್ತಡ? ಇಲ್ಲ. ಹೃದಯದ ತೊಂದರೆ? ಇಲ್ಲ. ಚಳಿಗೆ ಬೆರಳು ಬೆಳ್ಳಗಾಗುವುದು, ಮೈ ದದ್ದೇಳುವುದು? ಇಲ್ಲ, ಇಲ್ಲ. ಗರ್ಭಿಣಿಯೇ ಎಂಬಲ್ಲಿ ಮಾತ್ರ ಪೆನ್ನು ನಿಲ್ಲಿಸಿ, ಇದಕ್ಕೆ ನಿನ್ನ ಮಾವನನ್ನೇ ಕರೆಸಬೇಕಾ ಎಂದು ನಕ್ಕಿದ್ದರು. ಆಗ ಸೊಸೆಯೂ ನಕ್ಕಿದ್ದಳು. ಈಗ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಮೈನಸ್ ನೂರಹತ್ತು ಡಿಗ್ರಿ ಚಳಿಯಲ್ಲಿ ಇಡೀ ದೇಹವನ್ನು ಮೂರು ನಿಮಿಷ ನಿಲ್ಲಿಸುವ ಚಿಕಿತ್ಸೆ ಅದು. ಗೋಡೆಯ ಪೋಸ್ಟರನ್ನು ನಂಬುವುದಾದರೆ ಕೀಲುನೋವು, ನಿದ್ರೆ, ಬೇಸರ, ಬೊಜ್ಜು, ಎಲ್ಲಕ್ಕೂ ಅದೇ ಮದ್ದು. ಯಂತ್ರ ನಡೆಸುವ ಸೊಸೆಯೇ ಅಷ್ಟನ್ನೆಲ್ಲ ನಂಬಿದವಳಲ್ಲ. ನೋವು ಸ್ವಲ್ಪ ಹೊತ್ತು ಕಡಿಮೆಯಾಗಬಹುದು, ಕಾಯಿಲೆ ಹೋಗುವುದಿಲ್ಲ ಎಂದು ಮನೆಯಲ್ಲೇ ಹೇಳಿದ್ದಳು. ಅತ್ತೆ ಕೇಳಬೇಕಲ್ಲ. ಬೆರಳ ಗಂಟುಗಳು ಊದಿ ಮೂರು ವರ್ಷವಾಗಿತ್ತು. ಲೋಟ ಹಿಡಿಯಲಾಗದು, ಮೊಮ್ಮಗಳ ಜಡೆ ಹೆಣೆಯಲಾಗದು. ಒಂದೇ ಒಂದು ಸಲ ಎಂದು ತಿಂಗಳಿಂದ ಸೊಸೆಯ ಬೆನ್ನು ಹತ್ತಿದ್ದರು. ಡಾಕ್ಟರ ಚೀಟಿ ಇಲ್ಲದೆ ಯಾರನ್ನೂ ಒಳಗೆ ಬಿಡುವಂತಿಲ್ಲ. ಮಾಲೀಕ ಊಟಕ್ಕೆ ಹೋದದ್ದನ್ನು ನೋಡಿಕೊಂಡು ಅವಳು ಬಿಟ್ಟಿದ್ದಳು. ಹೆಚ್ಚುಕಮ್ಮಿಯಾದರೆ ಗಂಡನಿಗೆ ಏನೆಂದು ಮುಖ ತೋರಿಸುವುದು?

ಒಳಗಿರುವವರನ್ನು ಮಾತಾಡಿಸುತ್ತಲೇ ಇರಬೇಕು. ಈ ಕೆಲಸದ ಮೊದಲ ನಿಯಮ ಅದು. ಉತ್ತರ ತಡವರಿಸಿತೋ, ಯಂತ್ರ ನಿಲ್ಲಿಸಬೇಕು. ಅತ್ತೆಯದು ಮೊದಲೇ ಮೆಲುದನಿ, ಸಾಲದ್ದಕ್ಕೆ ಮೂಗು ಬಾಯಿ ಮುಚ್ಚುವ ಮಾಸ್ಕು ಬೇರೆ. ಅವರ ಒಂದು ಮಾತೂ ತಪ್ಪಬಾರದೆಂದು ಅವಳು ಬೀದಿ ಬಾಗಿಲು ಮುಚ್ಚಿ, ಲಾರಿಯ ಹಾಗೆ ಗುಡುಗುವ ಎಕ್ಸಾಸ್ಟ್ ಫ್ಯಾನನ್ನೂ ಆರಿಸಿದ್ದಳು. ಗೋಡೆಯ ಮೇಲಿನ ಗ್ಯಾಸ್ ಅಲಾರಂ ಎರಡು ದಿನದಿಂದ ಸುಮ್ಮಸುಮ್ಮನೆ ಕೂಗಿ ಗಿರಾಕಿಗಳನ್ನು ಬೆಚ್ಚಿಬೀಳಿಸುತ್ತಿದೆಯೆಂದು ಮಾಲೀಕನೇ ಬಿಚ್ಚಿ ರಿಪೇರಿಗೆ ಕಳಿಸಿದ್ದ. ಕೋಣೆಯಲ್ಲಿ ಈಗ ಸದ್ದಿಲ್ಲ. ಪೆಟ್ಟಿಗೆಯ ಗೋಡೆಗಳನ್ನು ತಣ್ಣಗಿಡುವ ನೈಟ್ರೋಜನ್ ಸಿಲಿಂಡರು ಮಾತ್ರ ಮೂಲೆಯಲ್ಲಿ ಸಣ್ಣಗೆ ಬುಸುಗುಡುತ್ತಿತ್ತು.

ಹೆದರಬೇಡಿ, ಒಳಗೆ ಉಸಿರಾಡಲು ಮಹಡಿಯಿಂದ ಬೇರೆಯೇ ಗಾಳಿ ಬರುತ್ತದೆ, ಬಾಗಿಲಿಗೆ ಚಿಲಕವೂ ಇಲ್ಲ, ಬೇಡವೆನಿಸಿದರೆ ತಳ್ಳಿಕೊಂಡು ಬಂದುಬಿಡಿ ಎಂದು ಅತ್ತೆಗೆ ಎರಡೆರಡು ಸಲ ಹೇಳಿದ್ದಳು. ತನಗೆ ಧೈರ್ಯ ಹೇಳುವವರು ಯಾರೂ ಇರಲಿಲ್ಲ.

ಮೈಕಿನ ಗುಂಡಿ ಒತ್ತಿದಳು. "ಅತ್ತೆ, ಬಿ.ಪಿ. ಮಾತ್ರೆ ಯಾರದು?"

"ನಿನ್ನ ಮಾವಂದು ಕಣೆ. ಬರ್ತಾ ಅಂಗಡೀಲಿ ತಗೊಂಡೆ."

ನಂಬುವುದು ಹೇಗೆ? ಈ ಮೂರು ನಿಮಿಷಕ್ಕಾಗಿ ಅತ್ತೆ ಏನು ಬೇಕಾದರೂ ಹೇಳಿಯಾರು. ಬೆಳಗಿನಿಂದ ಇದ್ದ ಸಣ್ಣ ತಲೆನೋವು ಈಗ ಭಯಕ್ಕೆ ಜೋರಾಗಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ. ಬುದ್ಧಿ ಸರಿಯಿದೆಯೋ ಇಲ್ಲವೋ ನೋಡಲು ಸುಲಭದ ಪ್ರಶ್ನೆಯೊಂದನ್ನು ಹುಡುಕಿದಳು. ಮೊಮ್ಮಗಳ ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ ಎಂದು ಕೇಳಿದಳು.

"ಎಷ್ಟು ಸಲ ಕೇಳ್ತೀಯ ಕಣೆ ಅದನ್ನೇ?"

ಕೇಳಿದ್ದು ಇದೇ ಮೊದಲು. ಚಳಿ ಅತ್ತೆಯ ತಲೆಗೇರಿತು, ದೇವರೇ.

"ಬಾಗಿಲು ತೆಗಿ," ಅಂದರು ಅತ್ತೆ. ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಬೀದಿ ಬಾಗಿಲು ತೆಗಿ ಕಣೆ. ಬೇಗ."

ಬೀದಿ ಬಾಗಿಲಂತೆ! ಪೆಟ್ಟಿಗೆಯೊಳಗೆ ನಿಂತವರಿಗೆ ಬೀದಿ ಬಾಗಿಲ ಕನವರಿಕೆ. ಸಂಶಯವೇ ಉಳಿಯಲಿಲ್ಲ. ಯಂತ್ರ ನಿಲ್ಲಿಸಲು ಎದ್ದಳು. ಗಾಜಿನ ಕಿಂಡಿಯತ್ತ ಕಣ್ಣು ಹೋಯಿತು. ಅಲ್ಲಿ ತುಟಿಗಳು ಕಂಡವು. ಶಾಯಿ ಮೆತ್ತಿದಷ್ಟು ನೀಲಿ.

ಕೆಂಪು ಗುಂಡಿ ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿದಳು, ಗುಂಡಿ ಸಿಗಲಿಲ್ಲ. ಮತ್ತೆ ಚಾಚಿದಳು. ಒಳಗಿನಿಂದ ದಬದಬ ಗಾಜು ಬಡಿಯುತ್ತಿದ್ದರು. ಸಾಯುತ್ತಿದ್ದಾರೆ, ನನ್ನ ಕೈಯಾರೆ ಸಾಯುತ್ತಿದ್ದಾರೆ ಎಂದು ಕೂಗಿಕೊಳ್ಳಲು ಹೋದಳು. ದನಿ ಏಳಲಿಲ್ಲ. ಭಯಕ್ಕೆ ಮಂಡಿಯ ಬಲ ಉಡುಗಿತು. ನೆಲ ಎದ್ದು ಬಂದು ಕೆನ್ನೆಗೆ ಬಡಿಯಿತು.

ಕಣ್ಣು ಬಿಟ್ಟಾಗ ಫುಟ್‌ಪಾತಿನ ಮೇಲಿದ್ದಳು. ಮಟಮಟ ಮಧ್ಯಾಹ್ನದ ಬಿಸಿಲು. ಸುತ್ತ ಜನ. ಕೈ ತೊಳೆಯಲೂ ಪುರಸತ್ತಿಲ್ಲದೆ ಓಡಿಬಂದ ಮಾಲೀಕ ಬೆವರೊರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಯಾರದೋ ಕೋಟು ಹೊದ್ದು, ಉಣ್ಣೆಯ ಕಾಲುಚೀಲದಲ್ಲೇ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಲೋಟ ಹಿಡಿಯದ ಆ ಬೆರಳುಗಳು ಅವಳ ಅಂಗಿಯ ಕಾಲರನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದವು.

ಆಂಬುಲೆನ್ಸಿನವನು ಆಕ್ಸಿಜನ್ ಕೊಳವೆ ತಂದ. ಅವಳು ಅವನ ಕೈ ತಳ್ಳಿದಳು. ಮೊದಲು ಅತ್ತೆಗೆ ಹಾಕಿ, ಗಾಜಿನಲ್ಲಿ ನೋಡಿದೆ, ಅವರ ತುಟಿ ನೀಲಿಯಾಗಿದೆ ಎಂದು ತೊದಲಿದಳು.

"ನೀಲಿಯಾಗಿರೋದು ನಿಮ್ಮ ತುಟಿ," ಎಂದ ಅವನು. "ಸಿಲಿಂಡರ್ ಸೋರಿ ಕೋಣೆ ತುಂಬ ನೈಟ್ರೋಜನ್ನೇ ಆಗಿದೆ, ಆಕ್ಸಿಜನ್ ಉಳಿದಿರಲಿಲ್ಲ. ಇನ್ನೊಂದು ನಿಮಿಷ ಆಗಿದ್ರೆ ಕಷ್ಟವಾಗ್ತಿತ್ತು."

ಅತ್ತೆಗೆ ಅಳು ತಡೆಯಲಾಗಲಿಲ್ಲ. "ಬೀದಿ ಬಾಗಿಲು ತೆಗಿ ಅಂತ ಬಡ್ಕೊಂಡೆನಲ್ಲ ಕಣೆ," ಎಂದರು, "ಆ ಕೋಣೇಲಿ ಉಸಿರಾಡೋಕೆ ಗಾಳಿ ಇದ್ದದ್ದು ನನಗೊಬ್ಬಳಿಗೇ."