ಗೋಡೆಯ ಮೇಲಿನ ಕೊನೆಯ ಸಾಲು

ಪರದೆ ಮತ್ತೆ ಮಸುಕಾಗಿತ್ತು.

ನಿನ್ನೆ ಸಂಜೆ ಸೊಸೆ ತಾನೇ ಮುಂದೆ ನಿಂತು ಸರಿಮಾಡಿಸಿದ್ದಳು. ಕಂಪ್ಯೂಟರ್ ರಿಪೇರಿಯವನು ಕಣ್ಣು ಪರೀಕ್ಷೆಗೆ ಗೋಡೆಯ ಮೇಲೆ ಮೂಡುವ ಅಕ್ಷರಗಳನ್ನು ಬ್ಲೇಡಿನಿಂದ ಕೊರೆದಷ್ಟು ಚೊಕ್ಕಟ ಮಾಡಿ ಹೋಗಿದ್ದ. ಬೆಳಗ್ಗೆ ಮನೆಗೆಲಸ ಮುಗಿಸಿ ಕನ್ನಡಕದಂಗಡಿಗೆ ಬಂದು ನೋಡಿದರೆ, ಕೊನೆಯ ಸಾಲು ಹಿಂಜಿದ ಹತ್ತಿ.

“ಯಾರೋ ಬೇಕಂತಲೇ ಹಿಗ್ಗಿಸ್ತಿದ್ದಾರೆ ಅಮ್ಮ,” ಎಂದು ರಿಪೇರಿಯವನು ಹೇಳಿದ್ದ. “ಮೇಜಿನ ಪರದೇಲಿ ಎಲ್ಲಾನೂ ದೊಡ್ಡದು ಮಾಡಿದ್ರೆ ಅದೇ ಗೋಡೆಗೂ ಹೋಗುತ್ತೆ. ನಿಮ್ಮ ಪ್ರೋಗ್ರಾಮು ಹಳೇದು, ಎಳೆದ್ರೆ ತಡ್ಕೊಳ್ಳಲ್ಲ. ಅಂಚೆಲ್ಲ ಹರಡಿ ಸಣ್ಣಕ್ಷರ ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಅಳತೆ ನೂರು ಪರ್ಸೆಂಟಿಗೆ ಇಟ್ಟಿದೀನಿ. ಮುಟ್ಟಬೇಡಿ, ಅಷ್ಟೇ.”

ಅಂಗಡಿಯಲ್ಲಿ ಇರುವವರು ಇಬ್ಬರೇ. ಅವಳು ಮುಟ್ಟಿರಲಿಲ್ಲ. ಉಳಿದವರು ಮಾವ.

ಏಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗೋಡೆಯ ಅಕ್ಷರ ಮಸುಕಾದಷ್ಟೂ ಕಪಾಟಿನ ಕನ್ನಡಕಗಳು ಖಾಲಿಯಾಗುತ್ತವೆ.

ಮಾವನ ಮೇಲಿನ ಗೌರವ ಅವಳಿಗೆ ಎಂದೋ ತೀರಿಹೋಗಿತ್ತು. ಬೀದಿಯಲ್ಲಿ ಪರಿಚಯದವರು ಎದುರಿಗೆ ಬಂದು ನಕ್ಕರೂ ಮುಖ ನೋಡದೆ ಸಾಗುವ ಬಿಗುಮಾನ. ಕನ್ನಡಕದ ತಿರುಪು ಬಿಗಿಮಾಡುವುದನ್ನು “ಇದನ್ನೆಲ್ಲ ನಾನು ಮಾಡ್ಬೇಕಾ?” ಎಂದು ಅವಳತ್ತ ತಳ್ಳುವ ದೊಡ್ಡಸ್ತಿಕೆ. ಅವರ ಸಹಿಗೆ ಕೂಡ ಸೊಕ್ಕು. ಕೊಟ್ಟ ಗೆರೆಯ ಮೇಲೆ ಕೂರದು. ಪರೀಕ್ಷೆ ಮಾಡುವಾಗಲೂ ಅಷ್ಟೆ, ಗೋಡೆಯತ್ತ ತಿರುಗುವುದಿಲ್ಲ. ಸಾಲುಗಳೆಲ್ಲ ಬಾಯಿಪಾಠ. ಕುರ್ಚಿಯಲ್ಲಿ ಕೂತವರು ಎಲ್ಲಿ ತಡವರಿಸುತ್ತಾರೆಂದು ಕಾದಿದ್ದು “ತಪ್ಪು” ಎನ್ನುವುದು, ಆಮೇಲೆ ಒಂದು ನಗು.

ಹೋದ ವಾರ ಆ ಕುರ್ಚಿಯಲ್ಲಿ ಕೂತವನು ಅವಳ ತಮ್ಮ. ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾನೆ. ಕಣ್ಣು ಸರಿಯಿದೆಯೆಂದು ಸರ್ಟಿಫಿಕೇಟ್ ಬೇಕಿತ್ತು. ವ್ಯಾನಿನ ಮಾಲೀಕ ನಂಬುವುದು ಈ ಅಂಗಡಿಯ ಸರ್ಟಿಫಿಕೇಟನ್ನು ಮಾತ್ರ.

“ಏನಯ್ಯಾ, ಇಷ್ಟೂ ಕಾಣ್ಸಲ್ವಾ?” ಎಂದಿದ್ದರು ಮಾವ. “ನೀನು ಮಕ್ಕಳನ್ನ ಕರ್ಕೊಂಡು ಹೋಗೋನಾ? ಮಕ್ಕಳೇ ನಿನ್ನ ಕೈ ಹಿಡಿದು ರಸ್ತೆ ದಾಟಿಸ್ಬೇಕು.”

ಅವರು ಕೊಟ್ಟ ಕನ್ನಡಕವನ್ನು ತಮ್ಮ ಹಾಕಿ ನೋಡಿದ. ಮೆಟ್ಟಿಲುಗಳು ಎದ್ದೆದ್ದು ಬಂದವು. ತೆಗೆದಿಟ್ಟ. ನಾಳೆಯೊಳಗೆ ಸರ್ಟಿಫಿಕೇಟ್ ತರದಿದ್ದರೆ ವ್ಯಾನಿನ ಕೀಲಿ ಬೇರೆಯವನ ಕೈಗೆ.

“ಅಕ್ಕಾ, ನನ್ನ ಕಣ್ಣು ಸರಿ ಇದೆ ಕಣೇ,” ಎಂದ ಇವತ್ತು ಮಧ್ಯಾಹ್ನ ಫೋನಿನಲ್ಲಿ. “ಎದುರು ತಾರಸೀಲಿ ಒಣಗ್ತಿರೋ ಅಂಗೀಲಿ ಒಂದು ಗುಂಡಿ ಕಿತ್ತೋಗಿರೋದೂ ಇಲ್ಲಿಂದ ಕಾಣುತ್ತೆ.”

“ಗೊತ್ತು ಬಿಡೋ. ನಾಳೆ ಬೆಳಗ್ಗೆನೇ ಬಾ. ನಿಮ್ಮ ಮಾಲೀಕರನ್ನೂ ಕರ್ಕೊಂಡು ಬಾ. ನಮ್ಮ ಮಹಾರಾಜರ ಬಣ್ಣ ಬಯಲು ಮಾಡ್ತೀನಿ.”

ಅಂದು ಅಂಗಡಿ ಮುಚ್ಚುವ ಮೊದಲು ಪರದೆಯನ್ನು ಅವಳೇ ಮತ್ತೆ ನೂರಕ್ಕೆ ತಂದಿಟ್ಟಳು. ಮರುದಿನ ಮಾವನಿಗಿಂತ ಮೊದಲೇ ಬಂದು ಪರೀಕ್ಷೆಯ ಕೋಣೆಯ ಪರದೆಬಟ್ಟೆಯ ಹಿಂದೆ ನಿಂತಳು.

ಮಾವ ಬಂದರು. ತಮ್ಮ ಆಸ್ತಿಯನ್ನು ತಾವೇ ಸವರಿ ಸುಖಪಡುವವರಂತೆ ಗಾಜಿನ ಕಪಾಟಿನುದ್ದಕ್ಕೂ ಕೈಯಾಡಿಸುತ್ತ ನಡೆದರು. ಮೇಜಿನ ಮುಂದೆ ಕೂತರು. ಮಾಡುವ ಕಳ್ಳಗೆಲಸ ಯಾರಿಗೂ ಕಾಣಬಾರದೆಂಬಂತೆ ಪರದೆಗೆ ಮೂಗು ತಾಗುವಷ್ಟು ಬಾಗಿದರು. ಬೆರಳುಗಳಿಗೆ ದಾರಿ ಗೊತ್ತಿತ್ತು. ಮೇಜಿನ ಮೇಲೆ ಎಲ್ಲವೂ ಉಬ್ಬಿತು. ಗೋಡೆಯ ಮೇಲೆ ಕೊನೆಯ ಸಾಲು ಕಲಸಿಹೋಯಿತು.

ಅವಳು ಬಟ್ಟೆ ಸರಿಸಿದಳು. “ಸಿಕ್ಕಿಬಿದ್ರಿ ಮಾವ.”

ಮಾವ ಬೆಚ್ಚಿದರು. ಒಂದೇ ಗಳಿಗೆ. ಆಮೇಲೆ ಬಾಗಿಲಲ್ಲಿ ಸದ್ದಾದದ್ದೇ, ಅತ್ತ ಕೈಬೀಸಿ, “ನನ್ನ ಮೇಲೆ ಕಾವಲು ಆಮೇಲೆ ಕಾಯುವಂತೆ. ಯಾರೋ ಗಿರಾಕಿಗಳು ಬಂದ್ರು, ಕೂರಿಸು ಹೋಗು,” ಎಂದರು.

ಬಾಗಿಲಲ್ಲಿದ್ದವರು ತಮ್ಮ ಮತ್ತು ವ್ಯಾನಿನ ಮಾಲೀಕ. ಮಾಲೀಕನಿಗೂ ಮಾವನಿಗೂ ಎಷ್ಟೋ ವರ್ಷದ ಸ್ನೇಹ. ಅವನ ಮುಖ ಗಂಟಿಕ್ಕಿತು.

“ಗಿರಾಕಿಗಳಂತೆ!” ಎಂದ ತಮ್ಮ. “ಬೀಗರ ಮನೆಯವನಿಗೆ ಸಿಕ್ಕ ಮರ್ಯಾದೆ ನೋಡಕ್ಕಾ.”

“ಇನ್ನೇನು ಬರುತ್ತೆ ಇವರ ಬಾಯಲ್ಲಿ? ಕೂತ್ಕೋ ನೀನು.”

ಅವಳು ಮಾವನ ಕೈಯಿಂದ ಮೌಸ್ ಕಿತ್ತುಕೊಂಡಳು. ನೂರು. ಗೋಡೆಯ ಮೇಲಿನ ಕೊನೆಯ ಸಾಲು ತಟ್ಟನೆ ತಿಳಿಯಾಯಿತು. ಒಂದೊಂದು ಅಕ್ಷರವೂ ಬೇರೆ ಬೇರೆ ನಿಂತಿತು. ತಮ್ಮ ಒಂದು ಕಣ್ಣು ಮುಚ್ಚಿ ಓದಿದ, ಇನ್ನೊಂದು ಮುಚ್ಚಿ ಓದಿದ. ಎಲ್ಲೂ ತಡವರಿಸಲಿಲ್ಲ.

“ನನಗೂ ಕಾಣ್ತಿದೆಯಲ್ಲ, ಇಲ್ಲಿಂದಲೇ!” ಎಂದ ಮಾಲೀಕ ಬಾಗಿಲಿನಿಂದ. “ಕೀಲಿ ನಿನ್ನ ಹತ್ರಾನೇ ಇರ್ಲಿ ಕಣಯ್ಯ. ಆದ್ರೆ ಇವರ ಬಾಯಲ್ಲಿ ಒಂದು ಮಾತು ಕೇಳ್ಬೇಕು ನಾನು.”

“ಹೇಳಿ ಮಾವ,” ಎಂದಳು ಸೊಸೆ. ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಬಂತು. “ಎಷ್ಟು ಜನರ ಕಣ್ಣಿಗೆ ಮಣ್ಣೆರಚಿದ್ರಿ? ಇವತ್ತಾದ್ರೂ ಆ ಗೋಡೆ ನೋಡಿ ಹೇಳಿ.”

ಮಾವ ಗೋಡೆಯತ್ತ ತಿರುಗಿದರು. ನಿಧಾನವಾಗಿ, ತಲೆಯನ್ನು ಅತ್ತಿತ್ತ ವಾಲಿಸಿ, ತುಂಬಾ ಹೊತ್ತು ನೋಡಿದರು. ತುಟಿಯ ಮೇಲೆ ಅದೇ ಹಳೆಯ ತಾತ್ಸಾರದ ನಗು ಬಂತು.

“ಅಕ್ಕ ಬಾಯಿಪಾಠ ಮಾಡ್ಸಿದ್ದಾಳೆ, ತಮ್ಮ ಒಪ್ಪಿಸ್ತಿದ್ದಾನೆ. ಎಲ್ಲರೂ ಸೇರಿ ನನ್ನ ಕಿವಿ ಮೇಲೆ ಹೂ ಇಡ್ತಿದ್ದೀರಾ?” ಎಂದು ಸೊಸೆಯತ್ತ ತಿರುಗಿದರು.

“ಖಾಲಿ ಗೋಡೆ ತೋರಿಸಿ ನನಗೆ ಬುದ್ಧಿ ಹೇಳ್ಬೇಡ. ಮೊದಲು ಅಕ್ಷರ ಹಾಕಮ್ಮ.”