ಸವೆಯದ ಒಳಲೆ

ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನು ಮುದುಕಿ ಮೇಜಿನ ಮೇಲಿಟ್ಟಳು. ಹಳೆಯ ಸಾಮಾನಿನ ವ್ಯಾಪಾರಿ ಅದರ ತಳದಲ್ಲಿದ್ದ ಅರಮನೆಯ ಮುದ್ರೆ ನೋಡಿ ನೆಟ್ಟಗೆ ಕೂತ.

“ನಿಮ್ಮನೆಗೆ ಹೆಂಗೆ ಬಂತಮ್ಮ ಇದು?”

“ನಮ್ಮಜ್ಜಿ ಅರಮನೇಲಿ ದಾದಿ. ದೊರೆಮಗನಿಗೆ ಎದೆಹಾಲು ಕೊಡ್ತಿದ್ರು.”

“ಹಂಗಾದ್ರೆ ದೊರೆಮಗ ಕುಡಿದ ಒಳಲೆ ಅನ್ನಿ. ಒಳ್ಳೆ ಬೆಲೆ ಬರುತ್ತೆ.”

“ಅವನಿಗ್ಯಾಕೆ ಒಳಲೆ? ಅಜ್ಜಿ ತಮ್ಮ ಮನೇಲಿ ಬಿಟ್ಟು ಬಂದಿದ್ದ ಸ್ವಂತ ಕೂಸಿಗೆ ಹಸುವಿನ ಹಾಲು ಕುಡಿಸ್ಲಿ ಅಂತ ರಾಣಿ ಕಳಿಸಿದ್ದು.”

ವ್ಯಾಪಾರಿ ಅದರ ಮೂತಿಯನ್ನು ಬೆರಳಿನಿಂದ ಸವರಿದ. “ಎಲ್ಲೂ ಸವೆದೇ ಇಲ್ವಲ್ಲ.”

“ಇದು ಮನೆ ಸೇರೋ ಹೊತ್ತಿಗೆ ಕೂಸನ್ನ ಮಣ್ಣು ಮಾಡಿ ಆಗಿತ್ತು.”

“ಅಯ್ಯೋ. ಅಜ್ಜಿ ಹೆಂಗೆ ತಡ್ಕೊಂಡ್ರು?”

“ಅವರಿಗೆ ಒಂದು ವರ್ಷ ಯಾರೂ ಹೇಳಲಿಲ್ಲ. ಹೇಳಿದ್ರೆ ಹಾಲು ಬತ್ತಿಹೋಗುತ್ತೆ ಅಂತ.”