ಎರಡು ಪೆಟ್ಟಿಗೆಯ ಪಾಲು

"ಮೊದಲು ನನ್ನ ಪೆಟ್ಟಿಗೆ ಚಾಲೂ ಆಗ್ಬೇಕು, ಆಮೇಲೆ ಅವನದ್ದು. ಹೇಳು ಅವನಿಗೆ," ಎಂದ ಭೋಜ, ಹೆಂಡತಿಯ ಕಡೆ ತಿರುಗಿ.

"ನಂಗೆ ಗೊತ್ತುಂಟು ಅಂತ ಹೇಳಿ ಅತ್ತಿಗೆ," ಎಂದ ತಮ್ಮ ಜಯಕರ.

ಅಣ್ಣತಮ್ಮಂದಿರು ಮುಂಬಯಿಯ ಮಾಟುಂಗದಲ್ಲಿ ಅಣ್ಣನ ಮನೆಯ ನೆಲದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರು. ನಡುವೆ ನಿಂತ ಶೀಲಾವತಿ ಯಾರಿಗೂ ಏನನ್ನೂ ಹೇಳುವ ಗೋಜಿಗೆ ಹೋಗಲಿಲ್ಲ. ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು. ಕೆಟ್ಟುಹೋದದ್ದು ಬಾಯಿ ಮಾತ್ರ.

ವರ್ಷಗಳ ಹಿಂದೆ ಇಬ್ಬರೂ ಕೂಡಿ ನಡೆಸುತ್ತಿದ್ದ ಹೋಟೆಲು ಪಾಲಾದ ದಿನ ಊರಿನಿಂದ ಬಂದ ಹಿರಿಯರು ಮನೆಯ ಸ್ಟೀರಿಯೋವನ್ನೂ ಬಿಟ್ಟಿರಲಿಲ್ಲ. ಎರಡು ಪೆಟ್ಟಿಗೆ, ಎರಡು ಸ್ಪೀಕರ್, ಇಬ್ಬರು ಪಾಲುದಾರರು. ಇದಕ್ಕಿಂತ ಸಲೀಸಾದ ಪಂಚಾಯಿತಿಕೆ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ. ತಿರುಗಿಸುವ ಗುಂಡಿಗಳಿದ್ದ ಪ್ರೀ-ಆಂಪ್ಲಿಫೈಯರ್ ಅಣ್ಣನಿಗೆ, ಹೊರಲಾರದಷ್ಟು ಭಾರದ ಪವರ್ ಆಂಪ್ಲಿಫೈಯರ್ ತಮ್ಮನಿಗೆ, ತಲಾ ಒಂದೊಂದು ಸ್ಪೀಕರ್. ಮೊದಲನೆಯದು ಸ್ವರವನ್ನು ಹದ ಮಾಡಿ ಕೊಡಬೇಕು, ಎರಡನೆಯದು ಅದಕ್ಕೆ ಬಲ ತುಂಬಿ ಸ್ಪೀಕರಿಗೆ ಕಳಿಸಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಬರೀ ಕಬ್ಬಿಣ. ಹಿರಿಯರಿಗೆ ಇದು ತಿಳಿಯದು ಸರಿ, ಅಣ್ಣತಮ್ಮಂದಿರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಮೊದಲು ಬಾಯಿ ಬಿಟ್ಟವನು ಸೋತ ಹಾಗೆ! ಹಾಗಾಗಿ ಒಂದು ಪೆಟ್ಟಿಗೆ ಮಾಟುಂಗದಲ್ಲಿ, ಇನ್ನೊಂದು ತಮ್ಮನಿದ್ದ ಮಲಾಡಿನಲ್ಲಿ ಬಟ್ಟೆ ಹೊದ್ದು ಕೂತವು. ಯಾರಾದರೂ ವಿಚಾರಿಸಿದರೆ "ನನ್ನದು ಫಸ್ಟ್ ಕ್ಲಾಸ್ ಉಂಟು" ಎಂದು ಇಬ್ಬರೂ ಹೇಳುತ್ತಿದ್ದರು.

ಈಗ ಮಾಟುಂಗದ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಾರೆ. ಅದು ಏಳುವ ತನಕ ಕಾಯುವ ಮನಸ್ಸಿಲ್ಲದ ಭೋಜ ಹೆಂಡತಿಯೊಂದಿಗೆ ಕಾರ್ಕಳಕ್ಕೆ ಹೊರಟಿದ್ದ, ಮತ್ತೆ ಮುಂಬಯಿಯ ಮಾತಿಲ್ಲ. ಪ್ರೀ-ಆಂಪನ್ನು ಹಳೆ ಸಾಮಾನಿನ ಭಂಗಾರ್‌ವಾಲಾನಿಗೆ ಕೊಡುತ್ತೇನೆ ಎಂದು ಅವನು ಹೇಳಿದ್ದೇ ತಡ, ಶೀಲಾವತಿ ಮೈದುನನಿಗೆ ಫೋನ್ ಹಚ್ಚಿದ್ದಳು. "ನಿನ್ನದನ್ನು ತೆಕ್ಕೊಂಡು ಬಾ. ಒಂದ್ಸಲ ಜೋಡಿಸಿ ಕೇಳುವ." ಇವತ್ತೂ ಮಾತಾಡದೆ ಹೋದರೆ ಇನ್ನು ಒಬ್ಬನ ಹೆಣದ ಮುಂದೆಯೇ ಇನ್ನೊಬ್ಬ ನಿಲ್ಲುವುದು ಎಂದು ಅವಳಿಗೆ ಖಾತ್ರಿಯಾಗಿತ್ತು. ಜೋಡಿಸುವ ವಯರನ್ನೂ ಅವಳೇ ತಂದಿದ್ದಳು. ಅಂಗಡಿಯವನು ಉದ್ದದ್ದನ್ನು ಮುಂದಿಟ್ಟರೂ ಗೇಣುದ್ದದ್ದೇ ಸಾಕು ಎಂದಿದ್ದಳು.

ಜಯಕರ ಏದುಸಿರು ಬಿಡುತ್ತಾ ಪೆಟ್ಟಿಗೆಯನ್ನೂ ತನ್ನ ಪಾಲಿನ ಸ್ಪೀಕರನ್ನೂ ಮೆಟ್ಟಿಲು ಹತ್ತಿಸಿದಾಗ ಭೋಜ ಬಾಗಿಲಲ್ಲೇ ನಿಂತು ನೋಡಿದ್ದ, ಕೈ ಕೊಟ್ಟಿರಲಿಲ್ಲ. ಈಗ ವಯರಿನ ಕೆಂಪು, ಬಿಳಿ ತುದಿಗಳನ್ನು ತನ್ನ ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಸಿ, ಆ ಕಡೆಯ ತುದಿಗಳನ್ನು ಗಾಳಿಯಲ್ಲಿ ಹಿಡಿದ. ಜಯಕರ ಕೈ ಚಾಚಲಿಲ್ಲ. ಭೋಜ ಕೆಳಗಿಡಲಿಲ್ಲ. ಇಸಿದುಕೊಂಡು ಕೊಡಲು ಬಗ್ಗಿದ ಶೀಲಾವತಿ ಕೈ ಹಿಂದೆಳೆದುಕೊಂಡಳು. ಕೊನೆಗೆ ಜಯಕರ ಅಣ್ಣನ ಬೆರಳು ತಾಗದ ಹಾಗೆ ತುದಿಗಳನ್ನಷ್ಟೇ ಎಳೆದುಕೊಂಡು ತನ್ನ ಪೆಟ್ಟಿಗೆಗೆ ಚುಚ್ಚಿದ. ಎರಡೂ ಸ್ಪೀಕರುಗಳ ವಯರನ್ನು ಅದಕ್ಕೆ ಮೊದಲೇ ಸಿಕ್ಕಿಸಿದ್ದ.

"ವಾಲ್ಯೂಮ್ ಸೊನ್ನೆಗೆ ತಂದಿದ್ದಾರಾ ಕೇಳಿ ಅತ್ತಿಗೆ. ಇಲ್ಲದಿದ್ರೆ ಸ್ಪೀಕರ್ ಒಡೆದು ಹೋಗ್ತದೆ."

"ಅವನಿಗೆ ವಾಲ್ಯೂಮ್ ತಿರುಗಿಸ್ಲಿಕ್ಕೆ ಕಲಿಸಿದ್ದು ಯಾರು ಅಂತ ಕೇಳು."

"ಸ್ಪೀಕರ್ ಎರಡೇ ಅಲ್ವಾ ಇರುದು? ಮೂರನೆಯದು ನಾನಾ?" ಎಂದಳು ಶೀಲಾವತಿ.

ಭೋಜ ಸ್ವಿಚ್ ಹಾಕಿದ. ಪ್ರೀ-ಆಂಪಿನ ಮೂಲೆಯಲ್ಲಿ ಹಳದಿ ದೀಪ ಹತ್ತಿತು. ಅವನ ಮುಖ ಅರಳಿದ್ದನ್ನು ಶೀಲಾವತಿ ನೋಡಿದಳು, ಜಯಕರನೂ ನೋಡಿದ. ಅವಳು ಪೆಟ್ಟಿಗೆಗೆ ಜೋಡಿಸಿದ್ದ ಮೊಬೈಲಿನಲ್ಲಿ ಭಜನೆ ಹಚ್ಚಿದಳು. ಭೋಜ ಗೋಡೆಗೆ ಅಪ್ಪಣೆ ಕೊಡುವವನಂತೆ ಅತ್ತ ತಿರುಗಿ ಸಣ್ಣಗೆ ತಲೆಯಾಡಿಸಿದ. ಜಯಕರ ಪವರ್ ಆಂಪಿನ ಸ್ವಿಚ್ ಒತ್ತಿದ.

ದೀಪ ಹತ್ತಲಿಲ್ಲ. ಭೋಜ ವಾಲ್ಯೂಮ್ ಏರಿಸಿದರೂ ಗುಂಯ್ ಎನ್ನುವ ಸದ್ದು ಕೂಡ ಬರಲಿಲ್ಲ. ಜಯಕರ ಮತ್ತೆ ಒತ್ತಿದ, ಪ್ಲಗ್ ಬದಲಿಸಿದ, ಫ್ಯೂಸ್ ಕಳಚಿ ಉಜ್ಜಿ ಹಾಕಿದ. ಇಷ್ಟು ವರ್ಷ ಫಸ್ಟ್ ಕ್ಲಾಸ್ ಎನ್ನಿಸಿಕೊಂಡ ಪೆಟ್ಟಿಗೆ ಮಲಾಡಿನಲ್ಲಿ ಬಟ್ಟೆಯೊಳಗೇ ಸತ್ತು ಯಾವ ಕಾಲವಾಗಿತ್ತೋ. ಅವನ ಕಿವಿ ಕೆಂಪಾಯಿತು. ಈಗ ಗಂಡನ ಬಾಯಿಂದ ಒಂದೇ ಒಂದು ಕುಟುಕು ಬಂದರೂ ಎಲ್ಲ ಮುಗಿಯಿತು ಎಂದು ಶೀಲಾವತಿ ಸೆರಗು ಹಿಂಡುತ್ತಾ ನಿಂತಳು. ಕುಟುಕುವುದರಲ್ಲಿ ಭೋಜ ಎತ್ತಿದ ಕೈ.

"ಹಳೆ ಪೇಪರ್ ಇದ್ರೆ ಕೊಡಿ ಅತ್ತಿಗೆ. ಕಟ್ಕೊಂಡು ಹೋಗ್ತೇನೆ." ಜಯಕರ ಪ್ಲಗ್ ಕಿತ್ತು, ಪೆಟ್ಟಿಗೆ ಎತ್ತಲು ಬಗ್ಗಿದ.

"ಈಗ ಮುಟ್ಬೇಡ ಮಾರಾಯ."

ಶೀಲಾವತಿ ಬೆಚ್ಚಿ ನೋಡಿದಳು. ಭೋಜ ಅದನ್ನು ಅವಳಿಗೆ ಹೇಳಿರಲಿಲ್ಲ.

"ಬಿಸಿ ಆಗಿರ್ತದೆ ಅದು," ಎಂದ ಭೋಜ ತಮ್ಮನ ಮುಖವನ್ನೇ ನೋಡುತ್ತಾ. "ತಣಿಯಲಿ. ಅಷ್ಟರಲ್ಲಿ ಊಟ ಮಾಡುವ."

ಜಯಕರ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಅಡುಗೆಮನೆಯ ಕಡಪ ಕಲ್ಲಿನ ಹಾಗೆ ತಣ್ಣಗಿತ್ತು.

"ಹೌದಣ್ಣ," ಎಂದ, ಕೈ ತೆಗೆಯದೆ. "ಸುಡ್ತದೆ."